ಕಸದ ಚೀಲವೋ, ಅಂಚೆ ಚೀಲವೋ?

ಸ್ತನ ಕ್ಯಾನ್ಸರ್ ಯಕೃತ್ತಿಗೆ, ಮೂಳೆಗೆ, ಶ್ವಾಸಕೋಶಕ್ಕೆ ಹಬ್ಬುವುದನ್ನು ನೀವು ಕೇಳಿರುತ್ತೀರಿ. ಗುಲ್ಮಕ್ಕೆ ಹಬ್ಬಿತೆಂದು ಕೇಳಿದ್ದೀರಾ? ಬಲು ಅಪರೂಪ. ಗುಲ್ಮಕ್ಕೂ ರಕ್ತ ಧಾರಾಳವಾಗಿಯೇ ಹರಿಯುತ್ತದೆ, ಮತ್ತೇಕೆ ಹೀಗೆ? ಈ ಪ್ರಶ್ನೆಯನ್ನು ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಎತ್ತಿದರು. ಸ್ತನ ಕ್ಯಾನ್ಸರಿನಿಂದ ಸತ್ತ 735 ಮಂದಿಯ ದಾಖಲೆಗಳನ್ನು ಪರಿಶೀಲಿಸಿ, ಬೀಜ ಎಲ್ಲೆಡೆ ಚೆಲ್ಲಿದರೂ ಹೊಂದುವ ನೆಲದಲ್ಲಿ ಮಾತ್ರ ಮೊಳೆಯುತ್ತದೆ ಎಂದು ವಾದಿಸಿದರು. ಸರಿ, ಆ ನೆಲವನ್ನು ಹದಗೊಳಿಸುವವರು ಯಾರು?

ಉತ್ತರದ ಮೊದಲ ಎಳೆ ಸಿಕ್ಕಿದ್ದು ಕ್ಯಾನ್ಸರಿಗೆ ಸಂಬಂಧವೇ ಇಲ್ಲದ ಕಡೆ, ಕುರಿಯ ರಕ್ತದಲ್ಲಿ!

ಎಳೆಯ ಕೆಂಪು ರಕ್ತಕೋಶಕ್ಕೆ ಹೀಮೊಗ್ಲೋಬಿನ್ ತಯಾರಿಸಲು ಕಬ್ಬಿಣ ಬೇಕು. ಅದನ್ನು ಒಳಗೆಳೆದುಕೊಳ್ಳಲು ಕೋಶದ ಪೊರೆಯ ಮೇಲೆ ಟ್ರಾನ್ಸ್‌ಫೆರಿನ್ ಗ್ರಾಹಕವೆಂಬ ಪ್ರೋಟೀನ್ ಇರುತ್ತದೆ. ಕೋಶ ಬಲಿತ ಮೇಲೆ ಅದು ಕಾಣೆಯಾಗುತ್ತದೆ. ಎಲ್ಲಿಗೆ ಹೋಯಿತು? ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಪ್ಯಾನ್ ಮತ್ತು ರೋಸ್ ಜಾನ್‌ಸ್ಟೋನ್ 1983ರಲ್ಲಿ ಅದನ್ನು ಪತ್ತೆ ಮಾಡಿದರು. ಕೋಶವು ಪುಟ್ಟ ಪೊರೆಚೀಲಗಳಲ್ಲಿ ತುಂಬಿ ಅದನ್ನು ಹೊರಗೆಸೆದಿತ್ತು. ಅದೇ ವರ್ಷ ಅಮೆರಿಕದಲ್ಲಿ ಹಾರ್ಡಿಂಗ್ ಮತ್ತು ಸಂಗಡಿಗರು ಇಲಿಯ ರಕ್ತಕೋಶದಲ್ಲೂ ಇದನ್ನು ಕಂಡರು. 1987ರಲ್ಲಿ ಈ ಚೀಲಗಳಿಗೆ ಎಕ್ಸೊಸೋಮ್ ಎಂಬ ಹೆಸರು ಬಂತು. ಗಾತ್ರ ಸುಮಾರು 30ರಿಂದ 150 ನ್ಯಾನೊಮೀಟರ್. ಶಾಲೆಯ ಸೂಕ್ಷ್ಮದರ್ಶಕಕ್ಕೆ ಇವು ಸಿಕ್ಕುವುದಿಲ್ಲ.

ಕೋಶದ ಕಸ ಎಂದುಕೊಂಡ ಮೇಲೆ ಅದನ್ನು ಕೆದಕಿ ನೋಡುವವರು ಕಡಿಮೆ. ಆದರೆ 1996ರಲ್ಲಿ ರಾಪೋಸೊ ತಂಡವು, ಬಿ ಲಿಂಫೊಸೈಟುಗಳು ಬಿಟ್ಟ ಚೀಲಗಳು ಟಿ ಕೋಶಗಳನ್ನು ಪ್ರಚೋದಿಸುತ್ತವೆ ಎಂದು ತೋರಿಸಿತು. 2007ರಲ್ಲಿ ಸ್ವೀಡನ್ನಿನ ವಲಾದಿ, ಲೋಟ್ವಾಲ್ ಮತ್ತಿತರರು ಚೀಲದೊಳಗೆ ಆರ್‌ಎನ್‌ಎ ಇರುವುದನ್ನು ಕಂಡರು. ಒಂದು ಕೋಶದಿಂದ ಹೊರಟ ಸಂದೇಶ ಇನ್ನೊಂದರಲ್ಲಿ ಪ್ರೋಟೀನಾಗಿ ತಯಾರಾಯಿತು. ಕಸದ ಚೀಲವೆಂದುಕೊಂಡದ್ದು ಅಂಚೆ ಚೀಲವಾಗಿತ್ತು!

ಇಲ್ಲಿಂದ ಪ್ಯಾಜೆಟರ ಪ್ರಶ್ನೆಗೆ ಮರಳೋಣ. ನ್ಯೂಯಾರ್ಕಿನಲ್ಲಿ ಡೇವಿಡ್ ಲೈಡನ್ ಅವರ ತಂಡ 2012ರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಎಕ್ಸೊಸೋಮುಗಳನ್ನು ಇಲಿಗಳಿಗೆ ಕೊಟ್ಟಿತು. ಶ್ವಾಸಕೋಶದ ರಕ್ತನಾಳಗಳು ಸೋರತೊಡಗಿದವು; ಅಸ್ಥಿಮಜ್ಜೆಯ ಕೋಶಗಳು ಕ್ಯಾನ್ಸರಿಗೆ ನೆರವಾಗುವಂತೆ ಬದಲಾದವು. ಬೀಜ ಬೀಳುವ ಮೊದಲೇ ಉಳುಮೆ ನಡೆದಿತ್ತು. 2015ರಲ್ಲಿ ವಿಳಾಸವೂ ಸಿಕ್ಕಿತು. ಚೀಲದ ಮೇಲಿನ ಇಂಟೆಗ್ರಿನ್ ಪ್ರೋಟೀನುಗಳ ಪೈಕಿ ಆಲ್ಫಾ6ಬೀಟಾ4 ಇದ್ದರೆ ಶ್ವಾಸಕೋಶ, ಆಲ್ಫಾವಿಬೀಟಾ5 ಇದ್ದರೆ ಯಕೃತ್ತು. ನನ್ನ ಮಟ್ಟಿಗೆ ಅದರ ಅತ್ಯಂತ ಸೊಗಸಾದ ಪ್ರಯೋಗ ಇದು: ಮೂಳೆಗೆ ಹೋಗುವ ಚಾಳಿಯ ಕ್ಯಾನ್ಸರ್ ಕೋಶಗಳನ್ನು ಬಿಡುವ ಮುನ್ನ, ಶ್ವಾಸಕೋಶದ ವಿಳಾಸವಿರುವ ಎಕ್ಸೊಸೋಮುಗಳನ್ನು ಇಲಿಗೆ ಚುಚ್ಚಲಾಯಿತು. ಆ ಕೋಶಗಳು ಶ್ವಾಸಕೋಶದಲ್ಲೇ ಬೇರೂರಿದವು.