ಪಹಣಿಯೊಳಗಿನವರು, ಪಹಣಿಯ ಹೊರಗಿನವರು: ಪಾವಗಡದ ಸೌರಕ್ಷೇತ್ರ ಯೋಜನೆಯ ಒಂದು ವಿವೇಚನೆ

ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದು, ತನ್ನ ಜಿಲ್ಲೆಯಾದ ತುಮಕೂರಿನ ಉಳಿದ ಭಾಗದಿಂದಲೇ ಬೇರ್ಪಟ್ಟು ನಿಂತಿರುವ ಪಾವಗಡ ತಾಲ್ಲೂಕಿನಲ್ಲಿ, ಬಿತ್ತಿದ ಬೀಜದಷ್ಟೂ ಮರಳಿ ಕೈಸೇರದ ವರ್ಷಗಳು ಕಡಲೆಕಾಯಿ ಬೆಳೆಗಾರನಿಗೆ ಅಪರಿಚಿತವಾದುವಲ್ಲ. ಅನಾವೃಷ್ಟಿಗೆ ಹೆಸರಾದ ಈ ನೆಲದ ನಾಗಲಮಡಿಕೆ ಹೋಬಳಿಯಲ್ಲಿ, ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆಯನ್ನು ವ್ಯಾಪಿಸಿ 2,050 ಮೆಗಾವಾಟ್ ಸಾಮರ್ಥ್ಯದ ಸೌರಕ್ಷೇತ್ರವು ಮೈದಳೆದುದು, ಬೆಳೆಗೆ ಶಾಪವಾಗಿದ್ದ ಬಿಸಿಲೇ ಆದಾಯಕ್ಕೆ ಮೂಲವಾದ ವಿಲಕ್ಷಣ ಪ್ರಸಂಗವೆನ್ನಬಹುದು.

ಯಂತ್ರಶಿಲ್ಪದ ದೃಷ್ಟಿಯಿಂದ ಇಲ್ಲಿ ಹೆಚ್ಚಿನ ಜಟಿಲತೆಯಿಲ್ಲ. ಜಟಿಲವಾದುದು ಭೂಮಿಯ ಪ್ರಶ್ನೆ. 2015ರಲ್ಲಿ ಸ್ಥಾಪಿತವಾದ ಕರ್ನಾಟಕ ಸೌರವಿದ್ಯುತ್ ಅಭಿವೃದ್ಧಿ ನಿಗಮವು ಭೂಸ್ವಾಧೀನದ ರೂಢಮಾರ್ಗವನ್ನು ಬಿಟ್ಟು, ಒಡೆತನವನ್ನು ರೈತನಲ್ಲಿಯೇ ಉಳಿಸಿ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆಯೊಡನೆ, 28 ವರ್ಷಗಳ ಗುತ್ತಿಗೆಗೆ ಜಮೀನನ್ನು ಪಡೆದುದು ನಿಸ್ಸಂದೇಹವಾಗಿ ವಿವೇಕದ ಕ್ರಮ. ಐದೆಕರೆ ಒಣಭೂಮಿಯವನಿಗೆ ಮಳೆಯ ಹಂಗಿಲ್ಲದೆ 1,05,000 ರೂಪಾಯಿ ಬರುವುದು ಅಲ್ಪವಲ್ಲ. ಆದರೂ ಆ ಏರಿಕೆಯು ಸಂತೆಯ ಧಾರಣೆಯೊಡನೆ 28 ವರ್ಷ ಸಮನಾಗಿ ನಡೆದೀತೆಂದು ನನಗೆ ತೋರುವುದಿಲ್ಲ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಕೃಷಿಭೂಮಿಯ ಗೇಣಿಪದ್ಧತಿಯನ್ನು ರದ್ದುಪಡಿಸಿದ ರಾಜ್ಯವೇ, 2018ರ ಮಾರ್ಚ್ 1ರಂದು ತಾನು ಪ್ರವರ್ತಿಸಿದ ನಿಗಮವು ಗುತ್ತಿಗೆ ಹಿಡಿದ ನೆಲದಲ್ಲಿ ಈ ಕ್ಷೇತ್ರವನ್ನು ಉದ್ಘಾಟಿಸಿತೆಂಬುದು ಕೇವಲ ಕಾಕತಾಳೀಯವಾದರೂ ಇತಿಹಾಸಕಾರನ ಕಣ್ಣಿಗೆ ಬೀಳದಿರದು.

ಅಂದಿನ ಸುಧಾರಣೆಯು ‘ಉಳುವವನು ಯಾರು’ ಎಂದು ಕೇಳಿತ್ತು. ಇಂದಿನ ಯೋಜನೆ ಕೇಳಿದುದು ‘ಪಹಣಿಯಲ್ಲಿ ಹೆಸರು ಯಾರದು’ ಎಂದು. ಗುತ್ತಿಗೆಯ ಹಣವು ಖಾತೆಯನ್ನು ಹಿಡಿದು ಹೋಗುವುದರಿಂದ, ಎಕರೆ ಹೆಚ್ಚಿದವನಿಗೆ ಹಣವೂ ಹೆಚ್ಚಿತು. ಕಳೆ ಕೀಳುತ್ತ, ಕಡಲೆಕಾಯಿ ಬಿಡಿಸುತ್ತ ಅದೇ ಹೊಲದಿಂದ ಹೊಟ್ಟೆ ಹೊರೆಯುತ್ತಿದ್ದ ಭೂಹೀನ ಕೂಲಿಯವರಿಗೆ, ಅವರಲ್ಲಿಯೂ ವಿಶೇಷವಾಗಿ ಹೆಂಗಸರಿಗೆ, ಹೊಲದೊಡನೆ ಕೂಲಿಯೂ ಹೋಯಿತು. ಸುಗ್ಗಿ ಮುಗಿದ ಬಯಲಿನಲ್ಲಿ ಮಂದೆ ಬಿಡುತ್ತಿದ್ದ ಕುರಿಗಾಹಿಯ ಹಕ್ಕಿಗೆ ಯಾವ ಕಂದಾಯ ದಾಖಲೆಯಲ್ಲಿಯೂ ಅಂಕಣವಿಲ್ಲವಾದುದರಿಂದ, ಅದಕ್ಕೆ ಪರಿಹಾರದ ಪ್ರಶ್ನೆಯೇ ಹುಟ್ಟಲಿಲ್ಲ.

ಇದು ನಿಗಮದ ನಿರ್ದಯೆಯೆಂದು ನಾನು ಭಾವಿಸುವುದಿಲ್ಲ. ದಾಖಲೆ ತೋರಿಸಿದಷ್ಟನ್ನೇ ಯೋಜಕನು ಕಂಡನು. ಮುಂದೆ ಇಂಥ ಕ್ಷೇತ್ರವನ್ನು ಯೋಜಿಸುವವರು, ನಕ್ಷೆ ಬರೆಯುವ ಮುನ್ನವೇ, ಪ್ರತಿಯೊಂದು ಸರ್ವೆ ನಂಬರಿನ ಎದುರು ಒಡೆಯನ ಹೆಸರಿನೊಡನೆ ಅಲ್ಲಿ ದುಡಿದವರ ಮತ್ತು ಮೇಯಿಸಿದವರ ಪಟ್ಟಿಯನ್ನೂ ಗ್ರಾಮಸಭೆಯಲ್ಲಿ ಬರೆಯಿಸಿ, ಗುತ್ತಿಗೆಯ ಹಣದಲ್ಲಿ ಒಂದಂಶವನ್ನು ಅವರಿಗೆ ಮೀಸಲಿಡುವುದು ದುಸ್ಸಾಧ್ಯವೇನಲ್ಲ. ಫಲಕಗಳಿಗೆ ನೆರಳು ಬೀಳಬಾರದೆಂದು, ಮಳೆ ಬಿದ್ದೊಡನೆ ಅವುಗಳ ಅಡಿಯಲ್ಲಿ ಎದ್ದುಬರುವ ಹುಲ್ಲನ್ನು ಕೂಲಿ ಕೊಟ್ಟು ಕೊಯ್ಯಿಸಬೇಕಾಗುತ್ತದೆ. ಆ ಹುಲ್ಲನ್ನು ಪುಕ್ಕಟೆಯಾಗಿ ಮೇಯಬಲ್ಲ ಕುರಿಗಳು ಬೇಲಿಯಾಚೆ ಇವೆ.