ಪ್ಲೇಗು ಕಾಲಿಡದ ಊರುಗಳು

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಮುಂದಿನ ದಶಕಗಳಲ್ಲಿ ಭಾರತದ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮುಂಬಯಿ ಪ್ರಾಂತ್ಯ, ಪಂಜಾಬುಗಳು ತತ್ತರಿಸಿದವು. 1898ರಲ್ಲಿ ರೈಲಿನ ಹಾದಿ ಹಿಡಿದು ಬೆಂಗಳೂರಿಗೂ ಬಂತು. ಆದರೆ ರೈಲಿನ ಸಂಪರ್ಕವಿದ್ದ ಮದ್ರಾಸು ನಗರ ಹೆಚ್ಚುಕಡಿಮೆ ಪಾರಾಯಿತು. ಪಿಡುಗು ಒಂದು ಸೀಮೆಯನ್ನು ಹಿಡಿದು ಇನ್ನೊಂದನ್ನು ಬಿಡುವುದೇಕೆ? ಪ್ಲೇಗಿನ ಅಧ್ಯಯನವನ್ನು ಬೆಳೆಸಿದ್ದು ಬಹುಪಾಲು ಈ ಒಗಟೇ.

ಮೊದಲು ದೂರು ಬಿದ್ದದ್ದು ಮನುಷ್ಯರ ಮೇಲೆ. ಇಲಿಯ ಚಿಗಟವೇ ರೋಗ ದಾಟಿಸುತ್ತದೆಂದು ಪಾಲ್ ಲೂಯಿ ಸಿಮಂಡ್ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ಹೇಳಿದರೂ, ಫ್ರೇಸರ್ ಅಧ್ಯಕ್ಷತೆಯ ಪ್ಲೇಗು ಆಯೋಗ ಅದನ್ನು ಪಕ್ಕಕ್ಕೆ ಸರಿಸಿತು. ಕೊಳಕು, ಇಕ್ಕಟ್ಟು, ಜನರ ಓಡಾಟ ಇವೇ ಕಾರಣವೆಂದಾಗ ಉಳಿಯುವ ದಾರಿ ಪೊಲೀಸರದು: 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ತಪಾಸಣೆ, ಮನೆ ಶೋಧ. ನಮ್ಮ ಹಳ್ಳಿಗರಾದರೋ ಇಲಿ ಸತ್ತು ಬಿದ್ದೊಡನೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಆಯೋಗದ ಪಂಡಿತರಿಗಿಂತ ಅವರೇ ನಿಜಕ್ಕೆ ಹತ್ತಿರವಿದ್ದರು.

1905ರ ನಂತರ ಮುಂಬಯಿಯ ಪರೇಲ್ ಪ್ರಯೋಗಾಲಯದಲ್ಲಿ ನಡೆದ ಕೆಲಸ ಸಿಮಂಡರ ಮಾತನ್ನು ಎತ್ತಿಹಿಡಿಯಿತು. ಒಗಟು ಮಾತ್ರ ಹಾಗೇ ಉಳಿಯಿತು. ಇಲಿ, ಚಿಗಟ ಮದ್ರಾಸಿನಲ್ಲೂ ಬೇಕಾದಷ್ಟಿದ್ದವು! ಬೀಗ ತೆರೆದದ್ದು ಕೊಲಂಬೊದಲ್ಲಿ. 1914ರ ಸುಮಾರಿಗೆ ಅಲ್ಲಿ ಚಿಗಟಗಳನ್ನು ಒಂದೊಂದಾಗಿ ಪರೀಕ್ಷಿಸಿದ ಫೇಬಿಯನ್ ಹರ್ಸ್ಟ್, ಎಲ್ಲರೂ ಒಂದೇ ಎಂದುಕೊಂಡಿದ್ದ ಇಲಿಚಿಗಟದಲ್ಲಿ ಎರಡು ಜಾತಿ ಕಂಡರು. ರೋಗವನ್ನು ಚೆನ್ನಾಗಿ ಹರಡುವ ಕಿಯೋಪಿಸ್ ಮುಖ್ಯವಾಗಿ ಹಡಗಿನ ಅಕ್ಕಿ ಬಂದು ಇಳಿಯುವ ಮಂಡಿಗಳ ಸುತ್ತ ಸಿಕ್ಕಿತು. ಊರಿನ ಉಳಿದೆಡೆ ಇದ್ದದ್ದು ಅಷ್ಟು ಸಮರ್ಥವಲ್ಲದ ಆಸ್ಟಿಯಾ. ಮದ್ರಾಸಿನಲ್ಲೂ ಆಸ್ಟಿಯಾದ್ದೇ ಮೇಲುಗೈ ಎಂದು ಮುಂದೆ ತಿಳಿಯಿತು. ಆ ಪ್ರಾಂತ್ಯದಲ್ಲಿ ಪ್ಲೇಗು ಬೇರೂರಿದ್ದು ಬಳ್ಳಾರಿ, ಸೇಲಂ, ಕೊಯಮತ್ತೂರಿನಂಥ ಒಳನಾಡಿನಲ್ಲಿ.

ಅದೇ 1914ರಲ್ಲಿ ಬೇಕಟ್ ಮತ್ತು ಮಾರ್ಟಿನ್, ಚಿಗಟದ ಅನ್ನನಾಳ ರೋಗಾಣುಗಳಿಂದ ಕಟ್ಟಿಕೊಂಡಾಗ ಅದು ಹಸಿವಿನಿಂದ ಮತ್ತೆ ಮತ್ತೆ ಕಚ್ಚುತ್ತದೆಂದು ತೋರಿಸಿದರು. ಒಣ ಸೆಕೆಯಲ್ಲಿ ಅಂಥ ಚಿಗಟ ಬೇಗ ಸಾಯುತ್ತದೆ. ಚಳಿಗಾಲದಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುವ ಪ್ಲೇಗಿನ ಲೆಕ್ಕ ಹೀಗೆ ಕೂಡಿಬಂತು.

ಹವಾಮಾನದ ಈ ವಿವರಣೆ ಅಚ್ಚುಕಟ್ಟಾಗಿದೆ, ಸ್ವಲ್ಪ ಹೆಚ್ಚೇ ಅಚ್ಚುಕಟ್ಟಾಗಿದೆ. ಒಂದೇ ಹವೆಯ ಒಂದೇ ಊರಿನಲ್ಲಿ ಧಾನ್ಯದ ಪೇಟೆಯ ಪಕ್ಕದ ಗಲ್ಲಿ, ಸಾಹೇಬರ ಬಂಗಲೆ ಎರಡರ ಗತಿಯೂ ಒಂದಾಗಿರಲಿಲ್ಲ. ಬೆಂಗಳೂರಿನಲ್ಲಿ ಅನುಕೂಲವಿದ್ದವರು ಮಲ್ಲೇಶ್ವರ, ಬಸವನಗುಡಿಯ ಬಯಲಿಗೆ ಹೋದರು, ಇಲ್ಲದವರು ಪೇಟೆಯಲ್ಲೇ ಉಳಿದರು. ಪ್ಲೇಗಿನ ಈ ಸಾಮಾಜಿಕ ಬದಿಗೆ ಇತಿಹಾಸಕಾರರು ಗಂಭೀರವಾಗಿ ತಿರುಗಿದ್ದು ತಡವಾಗಿ. ಪ್ಲೇಗಿನ ಭೀತಿ ಮತ್ತು ರಾಜಕಾರಣದ ಬಗ್ಗೆ ರಾಜನಾರಾಯಣ ಚಂದಾವರ್ಕರ್ ಬರೆದದ್ದು 1992ರಲ್ಲಿ. ಇನ್ನು 2011ರ ಚೀನಾ ಅಧ್ಯಯನವೊಂದು ಮಳೆಯನ್ನೇ ಇಬ್ಬಗೆ ಮಾಡಿತು: ಒಣ ಉತ್ತರದಲ್ಲಿ ಮಳೆ ಹೆಚ್ಚಿದಾಗ ಪ್ಲೇಗು ಏರಿತ್ತು, ತೇವದ ದಕ್ಷಿಣದಲ್ಲಿ ಇಳಿದಿತ್ತು. ಒಂದು ಸೀಮೆಯ ಸೂತ್ರವನ್ನು ಇನ್ನೊಂದಕ್ಕೆ ಹೊಂದಿಸುವವರು ಇದನ್ನು ಓದಬೇಕು.

ಈ ನಡುವೆ ನೋಟ ಹೊಲಗಳತ್ತಲೂ ಹೊರಳಿತ್ತು. ಊರಿಲಿ ಸತ್ತುಹೋದರೂ ರೋಗಾಣುವನ್ನು ಬಿಲದ ಕಾಡಿಲಿ ಉಳಿಸಿಕೊಳ್ಳುತ್ತದೆಂದು ಬಾಲ್ತಜಾರ್ ಮತ್ತು ಬಹ್ಮನ್ಯಾರ್ 1960ರಲ್ಲಿ ಉತ್ತರ ಭಾರತದ ಅಧ್ಯಯನದಿಂದ ಹೇಳಿದ್ದರು. ಕರ್ನಾಟಕದಲ್ಲಿ ಅಂಥ ನೆಲೆ ಕೋಲಾರದ ಗಡಿಸೀಮೆ. 1966ರಲ್ಲಿ ಮುಳಬಾಗಿಲಿನಲ್ಲಿ ಮನುಷ್ಯರಿಗೆ ತಗುಲಿದ ಪ್ಲೇಗು ವರದಿಯಾಗಿತ್ತು. ಮೂರು ರಾಜ್ಯಗಳು ಕೂಡುವ ಆ ಭಾಗದಲ್ಲಿ ಇಲಿ ಹಿಡಿದು ರಕ್ತ ಪರೀಕ್ಷಿಸುವ ಕೆಲಸ ಆಮೇಲೂ ಬೆಂಗಳೂರಿನ ಪ್ಲೇಗು ನಿಗಾ ಕೇಂದ್ರದಿಂದ ನಡೆಯಿತು.