ಟ್ರಾಕ್ಟರಿನ ಬೆಲೆ: ನೂರು ವರ್ಷದ ಲೆಕ್ಕ

ನಮ್ಮ ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಏನು ಬರೆಯೋಣ ಎಂದು ಯೋಚಿಸುತ್ತಿದ್ದಾಗ ಕಿವಿಗೆ ಬಿದ್ದದ್ದು ಸಂಘದ ಜಗಲಿಯ ಮೇಲೆ ದಿನಾ ನಡೆಯುವ ಮಾತು: "ಟ್ರಾಕ್ಟರ್ ತಗೊಳ್ಳೋದೋ, ಬಾಡಿಗೆ ಹೊಡಿಸೋದೋ?" ಈ ಪ್ರಶ್ನೆಗೆ ನೂರು ವರ್ಷದ ಚರಿತ್ರೆ ಇದೆ. ಅದನ್ನು ತಿಳಿದರೆ ನಮ್ಮ ಲೆಕ್ಕವೂ ಸ್ವಲ್ಪ ನೇರವಾದೀತೆಂದು ಈ ನಾಲ್ಕು ಮಾತು.

ಪೆಟ್ರೋಲ್ ಎಂಜಿನ್ನಿನಿಂದ ಮುಂದಕ್ಕೂ ಹಿಂದಕ್ಕೂ ಚಲಿಸುವ ಯಂತ್ರವನ್ನು 1892ರಲ್ಲಿ ಅಮೆರಿಕದ ಅಯೋವಾದಲ್ಲಿ ಜಾನ್ ಫ್ರೋಲಿಕ್ ಕಟ್ಟಿದನು. ಆದರೆ ಸಾಮಾನ್ಯ ರೈತನ ಮನೆಗೆ ಟ್ರಾಕ್ಟರ್ ತಂದವನು ಹೆನ್ರಿ ಫೋರ್ಡ್. 1917ರಲ್ಲಿ ಅವನ 'ಫೋರ್ಡ್‌ಸನ್' ಕಾರಿನಂತೆಯೇ ಸಾಲುಸಾಲಾಗಿ ತಯಾರಾಗತೊಡಗಿತು. 1922ರ ಜನವರಿಯಲ್ಲಿ ಅದರ ಬೆಲೆಯನ್ನು 625 ಡಾಲರಿನಿಂದ 395 ಡಾಲರಿಗೆ ಇಳಿಸಿದಾಗ ಎದುರಾಳಿ ಕಂಪೆನಿ ತಾನೂ ಬೆಲೆ ಇಳಿಸಿ, ಮೇಲೊಂದು ನೇಗಿಲನ್ನು ಪುಕ್ಕಟೆ ಕೊಟ್ಟಿತು. ಕಂಪೆನಿಗಳ ಜಗಳದಲ್ಲಿ ರೈತನಿಗೆ ಲಾಭವಾದ ಅಪರೂಪದ ಕಾಲ ಅದು.

ಅಗ್ಗದ ಮಾಲಿನ ಜೊತೆ ಮೋಸದ ಮಾಲೂ ಬಂತು. ನೆಬ್ರಾಸ್ಕಾ ರಾಜ್ಯದ ರೈತ ವಿಲ್ಮಟ್ ಕ್ರೋಜಿಯರ್ ಜಾಹೀರಾತು ನಂಬಿ ಟ್ರಾಕ್ಟರ್ ಕೊಂಡು ಕೈ ಸುಟ್ಟುಕೊಂಡವನು. ಆತ ಸುಮ್ಮನೆ ಕೂರಲಿಲ್ಲ, ಶಾಸಕನಾಗಿ 1919ರಲ್ಲಿ ಕಾನೂನೇ ಮಾಡಿಸಿದ. ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಯಾಗದ ಟ್ರಾಕ್ಟರನ್ನು ಆ ರಾಜ್ಯದಲ್ಲಿ ಮಾರಕೂಡದು, ಮಾರುವ ಕಂಪೆನಿ ಬಿಡಿಭಾಗಗಳನ್ನು ಅಲ್ಲೇ ಇಟ್ಟಿರಬೇಕು ಎಂಬುದು ಅದರ ಸಾರಾಂಶ. ಈ ಎರಡನೆಯ ಮಾತನ್ನು ಓದುಗರು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ಆಗಿನ ಟ್ರಾಕ್ಟರಿಗೆ ಇನ್ನೊಂದು ಕೆಡುಕಿತ್ತು. ನೇಗಿಲು ಕಲ್ಲಿಗೆ ಸಿಕ್ಕರೆ ಮುಂಭಾಗ ಮೇಲೆದ್ದು ಓಡಿಸುವವನ ಮೇಲೇ ಮಗುಚುತ್ತಿತ್ತು. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ನೇಗಿಲನ್ನು ಮೂರು ಕಡೆ ಜೋಡಿಸಿ ಹೈಡ್ರಾಲಿಕ್ಕಿನಿಂದ ಎತ್ತಿಳಿಸುವ ಉಪಾಯ ಕಂಡುಹಿಡಿದು, 1926ರಲ್ಲಿ ಪೇಟೆಂಟ್ ಪಡೆದನು. ಇಂದು ನಮ್ಮೂರಿನ ಟ್ರಾಕ್ಟರುಗಳ ಹಿಂದೆ ರೋಟವೇಟರ್ ಸಿಕ್ಕಿಸುವುದೂ ಅದೇ ಮೂರು ಕೊಂಡಿಗೆ.

ನಮ್ಮ ದೇಶದಲ್ಲಿ 1959ರಲ್ಲಿ ಫರಿದಾಬಾದಿನ ಐಷರ್ ಕಾರ್ಖಾನೆಯಿಂದ ಮೊದಲ ಟ್ರಾಕ್ಟರ್ ಹೊರಬಂತು. ದುರ್ಗಾಪುರದ ಸರ್ಕಾರಿ ಸಂಶೋಧನಾಲಯದ ವಿಜ್ಞಾನಿಗಳು ರೂಪಿಸಿದ 'ಸ್ವರಾಜ್' 1974ರಲ್ಲಿ ಬಂತು. ನಮ್ಮ ಬೆಂಗಳೂರಿನಲ್ಲಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ನೆರವಿನಿಂದ ವಿ.ಎಸ್.ಟಿ. ಟಿಲ್ಲರ್ ಸಂಸ್ಥೆ ಶುರುವಾಯಿತು. ಭೂ ಅಭಿವೃದ್ಧಿ ಬ್ಯಾಂಕುಗಳ ಸಾಲದಿಂದ ಎಷ್ಟೋ ಮನೆಗಳ ಮುಂದೆ ಟ್ರಾಕ್ಟರ್ ನಿಂತಿತು. ಕಂತು ಕಟ್ಟಲಾಗದೆ ಎಷ್ಟೋ ಮನೆಗಳ ಮುಂದಿನಿಂದ ಹೊರಟೂ ಹೋಯಿತು.

ಈಗಿನ ಕಾಲದ್ದೇ ಬೇರೆ. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜಿ.ಪಿ.ಎಸ್. ಸಂಕೇತಕ್ಕೆ ಬೇಕೆಂದೇ ಸೇರಿಸುತ್ತಿದ್ದ ತಪ್ಪನ್ನು ನಿಲ್ಲಿಸಿದ ಮೇಲೆ, ಉಪಗ್ರಹ ನೋಡಿಕೊಂಡು ಸಾಲು ಹೊಡೆಯುವ ಟ್ರಾಕ್ಟರುಗಳು ಬೇಗ ಬೇಗ ಹರಡಿದವು. ನೆಲದ ಮೇಲೊಂದು ತಿದ್ದುಪಡಿ ಕೇಂದ್ರವಿದ್ದರೆ ಎರಡು ಮೂರು ಸೆಂಟಿಮೀಟರೂ ಆಚೀಚೆ ಹೋಗುವುದಿಲ್ಲ. ಹೊಡೆದ ಕಡೆ ಮತ್ತೆ ಹೊಡೆಯುವ ನಷ್ಟ, ಬೀಜ ಗೊಬ್ಬರದ ದಂಡ ತಪ್ಪುತ್ತದೆ. 2022ರ ಜನವರಿಯಲ್ಲಿ ಜಾನ್ ಡಿಯರ್ ಕಂಪೆನಿ ಚಾಲಕನೇ ಇಲ್ಲದ ಟ್ರಾಕ್ಟರ್ ತೋರಿಸಿತು. ಅಂಥ ದೊಡ್ಡ ಯಂತ್ರಗಳ ಬೆಲೆ ನಾಲ್ಕೈದು ಲಕ್ಷ ಡಾಲರ್. ನಮ್ಮ ಹಣದಲ್ಲಿ ಕೋಟಿಗಳ ಮಾತು!

ಬೆಲೆ ಅಷ್ಟಕ್ಕೇ ಮುಗಿಯಲಿಲ್ಲ. ಕಂಪ್ಯೂಟರಿನ ಬೀಗ ತೆರೆಯಲು ಕಂಪೆನಿಯ ಡೀಲರೇ ಬರಬೇಕಾದ್ದರಿಂದ, ತನ್ನ ಗಾಡಿಯನ್ನು ತಾನೇ ರಿಪೇರಿ ಮಾಡಿಕೊಳ್ಳಲಾಗದ ಸ್ಥಿತಿ ಅಮೆರಿಕದ ರೈತನದಾಯಿತು. 2022ರಲ್ಲಿ ಉಕ್ರೇನಿನ ಮೆಲಿಟೋಪೋಲ್‌ನಿಂದ ರಷ್ಯದ ಸೈನಿಕರು ಹೊತ್ತೊಯ್ದ ಯಂತ್ರಗಳನ್ನು ದೂರದಿಂದಲೇ ಬೀಗ ಹಾಕಿ ನಿಲ್ಲಿಸಿದರೆಂದು ವರದಿಯಾಯಿತು. ಕಳ್ಳನಿಗೆ ಹಾಗಾದದ್ದು ಸರಿಯೇ. ಆದರೆ ಬೀಗದ ಕೈ ಯಜಮಾನನ ಹತ್ತಿರ ಇಲ್ಲವೆಂಬುದೂ ಅದರಿಂದ ಗೊತ್ತಾಯಿತಲ್ಲ! ಕೊಲೊರಾಡೊ ರಾಜ್ಯ 2023ರಲ್ಲಿ ರೈತನಿಗೆ ರಿಪೇರಿಯ ಹಕ್ಕು ಕೊಡುವ ಕಾನೂನು ಮಾಡಿತು. ಕ್ರೋಜಿಯರ್ ನೂರು ವರ್ಷದ ಹಿಂದೆ ಆಡಿದ ಮಾತನ್ನೇ ಮತ್ತೆ ಆಡಬೇಕಾಯಿತು.

ಇನ್ನು ನಮ್ಮ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿದದ್ದು ಸಂತೋಷವೇ. ಆದರೂ ಟ್ರಾಕ್ಟರಿಗೆ 8 ಲಕ್ಷ ಸಾಲ, ಬಡ್ಡಿ ಶೇ. 10 ಎಂದಿಟ್ಟುಕೊಳ್ಳೋಣ. ಮೊದಲ ವರ್ಷ ಬಡ್ಡಿಯೇ 80,000 ರೂಪಾಯಿ. ವರ್ಷಕ್ಕೆ 1,000 ಗಂಟೆ ಓಡಿಸಿದರೆ ಗಂಟೆಗೆ 80 ರೂಪಾಯಿ. 100 ಗಂಟೆ ಮಾತ್ರ ಓಡಿಸಿದರೆ ಗಂಟೆಗೆ 800 ರೂಪಾಯಿ. ಡೀಸೆಲ್, ಚಾಲಕ, ಅಸಲು ಎಲ್ಲ ಬೇರೆ. 2015-16ರ ಕೃಷಿ ಗಣತಿಯಂತೆ ದೇಶದ ಸರಾಸರಿ ಹಿಡುವಳಿ 1.08 ಹೆಕ್ಟೇರ್, ಅಂದರೆ ಎರಡೂಮುಕ್ಕಾಲು ಎಕರೆಗೂ ಕಡಿಮೆ. ಅಷ್ಟು ಜಮೀನಿನವನು ಒಬ್ಬನೇ ಟ್ರಾಕ್ಟರ್ ಇಟ್ಟರೆ ಆನೆ ತಂದು ಹಿತ್ತಲಲ್ಲಿ ಕಟ್ಟಿದ ಹಾಗೆ.

ಹಾಗಾದರೆ ದಾರಿ? ಫ್ರಾನ್ಸಿನ ರೈತರು 1945ರಿಂದ ಯಂತ್ರಗಳಿಗಾಗಿಯೇ ಸಹಕಾರ ಸಂಘಗಳನ್ನು ಕಟ್ಟಿಕೊಂಡಿದ್ದಾರೆ. ಜರ್ಮನಿಯ ಬವೇರಿಯದಲ್ಲಿ 1958ರಲ್ಲಿ ಮೊದಲ 'ಯಂತ್ರ ಬಳಗ' ಹುಟ್ಟಿತು. ನಮ್ಮ ರಾಜ್ಯದಲ್ಲಿ 2014-15ರಲ್ಲಿ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳು ಆರಂಭವಾದವು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದಾಗ ಹಂಚಿಕೊಂಡದ್ದು ಹಣವನ್ನು. ಈಗ ಯಂತ್ರವನ್ನು ಹಂಚಿಕೊಳ್ಳುವ ಸರದಿ.

ತೊಡಕಿಲ್ಲವೆಂದಲ್ಲ. ಮೊದಲ ಮಳೆ ಬಿದ್ದು ಹದ ಬಂದ ದಿನ ಟ್ರಾಕ್ಟರ್ ಎಲ್ಲರಿಗೂ ಒಟ್ಟಿಗೇ ಬೇಕು. "ಡೈರೆಕ್ಟರ್ ಹೊಲ ಮೊದಲು, ನಮ್ದು ಆಮೇಲೆ" ಎಂಬ ಮಾತು ಒಂದು ಸಲ ಹುಟ್ಟಿದರೆ ಸಂಘ ಒಡೆದಂತೆಯೇ. ಸರದಿಯ ಪಟ್ಟಿ ಗೋಡೆಯ ಮೇಲಿರಬೇಕು, ಅಧ್ಯಕ್ಷರ ಹೆಸರೂ ಅದರ ಸಾಲಿನಲ್ಲೇ ಬರಬೇಕು. ಯಂತ್ರ ಕೊಳ್ಳುವಾಗ ಬೆಲೆಯ ಜೊತೆಗೆ ಇನ್ನೊಂದನ್ನೂ ಕೇಳೋಣ: ಇದು ಕೆಟ್ಟರೆ ನಮ್ಮೂರ ಮೆಕ್ಯಾನಿಕ್ ಬಿಚ್ಚಬಲ್ಲನೇ?

ಇಪ್ಪತ್ತೈದು ವರ್ಷ ಒಬ್ಬರನ್ನೊಬ್ಬರು ನಂಬಿ ಸಾಲ ಕೊಟ್ಟು ತೀರಿಸಿಕೊಂಡ ನಮಗೆ ಇದು ಆಗದ ಕೆಲಸವಲ್ಲ. ಮುಂದಿನ ಮಹಾಸಭೆಯಲ್ಲಿ ಸದಸ್ಯರೆಲ್ಲ ಈ ಮಾತೆತ್ತಲಿ ಎಂಬುದೇ ನಮ್ಮ ಬಿನ್ನಹ.